ಮೂಲೆಯಿಲ್ಲದ ಹೊಲ

ಬನ್ನಿ ಮಕ್ಕಳೇ, ಹತ್ತಿರ ಕೂತುಕೊಳ್ಳಿ. ಇದು ನಗುವ ಕಥೆಯಲ್ಲ, ಆದರೂ ಕೇಳಬೇಕಾದ ಕಥೆ.

ಇಬ್ರಿಯರು ಅಂದರೆ ಹಳೇ ಕಾಲದ ಯೆಹೂದಿ ಜನ; ಅವರ ಸೀಮೆಯಲ್ಲಿ, ಬೆಟ್ಟಗಳ ನಡುವೆ ಒಂದು ರಾಜ್ಯ. ಅಲ್ಲಿ ಹದೋರ ಅಂತ ಒಬ್ಬ ಅರಸ. ಒಳ್ಳೊಳ್ಳೆಯ ಹೊಲವೆಲ್ಲ ಅವನದೇ. ಆ ಜನಕ್ಕೆ ದೇವರು ಕೊಟ್ಟ ಕಟ್ಟಳೆ ಒಂದಿತ್ತು: ಪೈರು ಕೊಯ್ಯುವಾಗ ಹೊಲದ ಮೂಲೆ ಕೊಯ್ಯಬೇಡ. ಅದು ಬಡವರ ಪಾಲು, ವಿಧವೆಯರ ಪಾಲು, ಪರದೇಶಿಯ ಪಾಲು.

ಹದೋರನಿಗೆ ಕಟ್ಟಳೆ ಮೀರಲು ಭಯ, ಮೂಲೆ ಬಿಡಲು ಸಂಕಟ. ಏನು ಮಾಡಿದ? ಬದುಗಳನ್ನು ಒಡೆಸಿದ. ಹೊಲಗಳನ್ನೆಲ್ಲ ರೊಟ್ಟಿಯ ಹಾಗೆ ದುಂಡಗೆ ಮಾಡಿಸಿದ. ದುಂಡು ಹೊಲಕ್ಕೆ ಮೂಲೆಯೆಲ್ಲಿ? ನಾವು ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಆಸಾಮಿ ಅವನು!

ಬಡವರು ಹಸಿದರು. ತಿರ್ಚಾ ಎಂಬ ವಿಧವೆಯ ಒಬ್ಬಳೇ ಮಗಳು ಹಸಿವಿನಿಂದ ಹಾಸಿಗೆ ಹಿಡಿದಳು. ತಿರ್ಚಾ ಓಡಿಹೋಗಿ ಎಲ್ಯಾದನ ಕಾಲು ಹಿಡಿದಳು. ಎಲ್ಯಾದ ಪ್ರವಾದಿ. ದೇವರ ಮಾತನ್ನು ಜನರಿಗೆ ಹೇಳುವವನು, ದೊರೆಗೂ ಹೆದರದವನು.

"ಅಪ್ಪಾ, ಒಂದು ಹಿಡಿ ಜವೆಗೋಧಿ ಸಿಕ್ಕರೆ ಮಗು ಉಳಿಯುತ್ತೆ."

ಎಲ್ಯಾದ ಅರಮನೆಗೆ ಹೋದ. "ದೊರೆಯೇ, ಬಡವರ ಮೂಲೆ ಬಿಡು."

"ಮೂಲೆ ತೋರಿಸು, ಬಿಡ್ತೇನೆ" ಅಂತ ಹದೋರ ನಕ್ಕ. ಆ ದಿನ ಮಗು ಮಾತು ನಿಲ್ಲಿಸಿತು.

ಎಲ್ಯಾದ ಮತ್ತೆ ಹೋದ. "ದೊರೆಯೇ, ಬಡವರ ಮೂಲೆ ಬಿಡು."

"ಮೂಲೆ ತೋರಿಸು ಅಂದೆನಲ್ಲ!" ಕಾವಲಿನವರು ಪ್ರವಾದಿಯನ್ನು ಹೊಡೆದು ಹೊರಗೆ ದಬ್ಬಿದರು. ಆ ದಿನ ಮಗು ಕಣ್ಣು ತೆರೆಯಲಿಲ್ಲ.

ಮೂರನೆಯ ಸಲ ಎಲ್ಯಾದ ಅರಮನೆಗೆ ಹೋಗಲಿಲ್ಲ, ಊರಬಾಗಿಲಿಗೆ ಹೋದ. ಹಿರಿಯರು ಕೂತು ನ್ಯಾಯ ಹೇಳುವ ಜಾಗ ಅದು. ಅಲ್ಲಿ ಆಣೆಯಿಟ್ಟು ಆಡಿದ ಮಾತನ್ನು ಅರಸನೂ ತಪ್ಪುವ ಹಾಗಿಲ್ಲ. ಹಿರಿಯರು ಹದೋರನನ್ನು ಕರೆಸಿದರು.

"ದೊರೆಯೇ, ನಾನು ದಡ್ಡ. ಮೂಲೆ ಅಂದರೆ ಏನು, ನೀನೇ ಹೇಳು" ಅಂದ ಎಲ್ಯಾದ.

"ಇಷ್ಟೂ ಗೊತ್ತಿಲ್ವೇ? ಅಂಚು ನೆಟ್ಟಗೆ ಹೋಗದೆ ತಿರುಗುವ ಜಾಗವೇ ಮೂಲೆ."

"ದೇವರಾಣೆಗೂ?"

"ದೇವರಾಣೆಗೂ."

"ಹಾಗಾದರೆ ನಿನ್ನ ಹೊಲದ ಅಂಚು ತಿರುಗದ ಜಾಗ ಒಂದಾದರೂ ತೋರಿಸು."

ದುಂಡು ಹೊಲದ ಅಂಚು ಎಲ್ಲೆಲ್ಲೂ ತಿರುಗುತ್ತಲೇ ಇರುತ್ತದೆ. ಅಂಚೆಲ್ಲ ಮೂಲೆಯೇ, ಅದೆಲ್ಲ ಬಡವರದು ಅಂತ ಹಿರಿಯರು ತೀರ್ಪು ಕೊಟ್ಟರು. ಜನ ಕುಡುಗೋಲು ಹಿಡಿದು ಓಡಿದರು. ಅಂಚು ಕೊಯ್ದರು. ಉಳಿದದ್ದೂ ದುಂಡಗೇ ಇತ್ತಲ್ಲ, ಅದರ ಅಂಚೂ ತಿರುಗಿತ್ತಲ್ಲ, ಅದನ್ನೂ ಕೊಯ್ದರು. ಕೊಯ್ಯುತ್ತ ಕೊಯ್ಯುತ್ತ ನಡುವಿಗೇ ಬಂದರು. ಅರಸನಿಗೆ ಉಳಿದದ್ದು ಬರೀ ಕೂಳೆ, ಕೊಯ್ದ ಪೈರಿನ ಮೋಟು ಬುಡ.

ಎಲ್ಯಾದ ಒಂದು ಕಟ್ಟು ತೆನೆ ಹೊತ್ತು ತಿರ್ಚಾಳ ಮನೆಗೆ ಓಡಿದ. ಅವಳು ಹೊಸ್ತಿಲ ಮೇಲೆ ಕೂತಿದ್ದಳು.

"ಯಾರಿಗೆ ತಂದೆಯಪ್ಪಾ? ತಿನ್ನುವವಳು ಹೋದಳು."

ಪ್ರವಾದಿ ಮೈಮೇಲಿನ ಬಟ್ಟೆ ಹರಿದುಕೊಂಡು ನೆಲಕ್ಕೆ ಕುಸಿದ. "ಮೊದಲ ದಿನವೇ ಊರಬಾಗಿಲಿಗೆ ಹೋಗಬೇಕಿತ್ತಮ್ಮಾ" ಅಂತ ಅತ್ತ.

ಕೇಳಿದಿರಾ ಮಕ್ಕಳೇ? ಧರ್ಮದಲ್ಲಿ ಸಂದು ಹುಡುಕುವವನು ಅದೇ ಸಂದಿನಲ್ಲಿ ಸಿಕ್ಕಿಬೀಳುತ್ತಾನೆ, ಅದು ನಿಜ. ಆದರೆ ಅವನು ಸಿಕ್ಕಿಬೀಳುವ ತನಕ ಹಸಿದ ಹೊಟ್ಟೆ ಕಾಯುವುದಿಲ್ಲ. ಬಡವರ ಪಾಲನ್ನು ಇವತ್ತೇ ಕೊಟ್ಟುಬಿಡಿ.