ಕೂಗು ನಿಂತ ಬೆಳಗು

ಅಡಿವೆಪ್ಪ ಕೇಳಿದ: "ಗುರುಗಳೇ, ತಿಳಿಯದೆ ಮಾಡಿದ ತಪ್ಪಿಗೂ ಹೊಣೆ ಇದೆಯೆ?"

ಗುರುಗಳು ಶಿಷ್ಯನನ್ನು ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಸಮುದ್ರದಾಚೆ, ದಕ್ಷಿಣ ಅಮೆರಿಕದ ಒಂದು ಕಾಡಿನ ಅಂಚಿಗೆ ಒಬ್ಬ ರೈತ ಹೊಸದಾಗಿ ಬಂದ. ಜೊತೆಗೆ ಹೆಂಡತಿ ಮತ್ತು ಹಸುಗೂಸು. ಹೊಳೆಯ ದಂಡೆಯಲ್ಲಿ ನೆಲ ಹಸನು ಮಾಡಿ ಮೆಕ್ಕೆಜೋಳ ಬಿತ್ತಿದ. ಮೊದಲ ದಿನ ನಸುಕಿನಲ್ಲೇ ಕಾಡಿನಿಂದ ಒಂದು ಗರ್ಜನೆ ಕೇಳಿಸಿತು. ಮಗು ಬೆಚ್ಚಿಬಿದ್ದು ಅತ್ತಿತು. ಯಾವುದೋ ದೊಡ್ಡ ಮೃಗ ಬಂತೆಂದು ರೈತ ಕೋವಿ ಹಿಡಿದು ಬಾಗಿಲಲ್ಲಿ ನಿಂತ. ಬೆಳಕು ಹರಿದ ಮೇಲೆ ನೋಡಿದರೆ ಮರದ ತುದಿಯಲ್ಲಿ ಕೋತಿಗಳು. ಕರಿಯ ಗಂಡು ಒಂದು, ಒಣಹುಲ್ಲಿನ ಬಣ್ಣದ ಹೆಣ್ಣುಗಳು ಮೂರು. ಎರಡರ ಎದೆಗೆ ಮರಿಗಳು ಅಂಟಿಕೊಂಡಿದ್ದವು. ಗಂಡು ಕೂಗುತ್ತಿತ್ತು. ಕಾಡಿನ ಆಚೆ ಬದಿಯಿಂದ ಇನ್ನೊಂದು ಗಂಡು ಅಷ್ಟೇ ಜೋರಾಗಿ ಮಾರುತ್ತರ ಕೊಡುತ್ತಿತ್ತು.

ಆ ಕೋತಿಗಳು ಅವನ ಬೆಳೆ ಮುಟ್ಟಲಿಲ್ಲ. ಚಿಗುರೆಲೆ ತಿನ್ನುವುದು, ಕೊಂಬೆಯ ಮೇಲೆ ಬೋರಲು ಮಲಗುವುದು, ಅವುಗಳ ದಿನ ಇಷ್ಟರಲ್ಲೇ ಕಳೆಯುತ್ತಿತ್ತು. ಆದರೆ ನಸುಕಿನ ಕೂಗು ಒಂದು ದಿನವೂ ತಪ್ಪಲಿಲ್ಲ. ಮಗು ಪ್ರತಿದಿನ ಬೆಚ್ಚಿತು. ಬರಬರುತ್ತ ಹಾಲು ಕುಡಿಯುವುದು ಕಡಿಮೆಯಾಯಿತು. ಕೈಕಾಲು ಸಣ್ಣಗಾದವು.

ಎರಡು ತಿಂಗಳಾದ ಮೇಲೆ ಹೆಂಡತಿ ಹೇಳಿದಳು: "ಹೀಗೇ ಆದರೆ ಮಗು ಉಳಿಯುವುದಿಲ್ಲ. ಏನಾದರೂ ಮಾಡಿ."

ಮರುದಿನ ರೈತ ಮರದ ಕೆಳಗೆ ಹೋಗಿ ಕರಿಯ ಗಂಡಿಗೆ ಗುಂಡು ಹೊಡೆದ. ಕೂಗು ಅರ್ಧಕ್ಕೆ ನಿಂತಿತು. ದೇಹ ಮಾತ್ರ ಬೀಳಲಿಲ್ಲ. ಬಾಲ ಕೊಂಬೆಯನ್ನು ಸುತ್ತಿ ಹಿಡಿದೇ ಇತ್ತು. ಸಂಜೆಯವರೆಗೆ ತಲೆಕೆಳಗಾಗಿ ತೂಗಾಡಿ ಆಮೇಲೆ ಕೆಳಗೆ ಬಿತ್ತು. ರೈತ ಎತ್ತಿ ನೋಡಿದ. ಅಷ್ಟು ದೊಡ್ಡ ದನಿಯ ಪ್ರಾಣಿ ಒಂದು ಆಡಿನ ಮರಿಯಷ್ಟೇ ಭಾರವಿತ್ತು. ಗಂಟಲನ್ನು ಒತ್ತಿದರೆ ಒಳಗೆ ದನಿಯನ್ನು ದೊಡ್ಡದು ಮಾಡುವ ಬಟ್ಟಲಿನಂಥ ಮೂಳೆ ಕೈಗೆ ಸಿಕ್ಕಿತು. ಅಲ್ಲೇ ಗುಂಡಿ ತೋಡಿ ಹೂಳಿ ಮನೆಗೆ ಬಂದ.

ಆಚೆ ಬದಿಯ ಗಂಡು ಒಂದೆರಡು ದಿನ ಕೂಗಿತು. ಉತ್ತರ ಬರಲಿಲ್ಲ. ಅದೂ ಸುಮ್ಮನಾಯಿತು. ಮಗು ಹೊಟ್ಟೆ ತುಂಬ ಹಾಲು ಕುಡಿದು ಬಿಸಿಲೇರುವವರೆಗೆ ನಿದ್ದೆ ಮಾಡಿತು. ಒಳ್ಳೆಯ ಕೆಲಸ ಮಾಡಿದೆನೆಂದು ರೈತನಿಗೆ ಸಮಾಧಾನವಾಯಿತು.

ಹತ್ತನೆಯ ದಿನ ಮನೆಯ ಪಕ್ಕದಲ್ಲೇ ಕಿರುಚಾಟ ಕೇಳಿಸಿತು. ರೈತ ಕೋವಿ ಹಿಡಿದು ಓಡಿದ. ಅದೇ ಮರದಲ್ಲಿ ಬೇರೊಂದು ಕರಿಯ ಗಂಡು ಕೂತಿತ್ತು. ಕೆಳಗೆ ಎಲೆಗಳ ಮೇಲೆ ಒಂದು ಮರಿ ಬಿದ್ದಿತ್ತು. ಅದರ ತಲೆಯಲ್ಲಿ ಹಲ್ಲಿನ ಗಾಯ. ಇನ್ನೊಂದು ತಾಯಿ ತನ್ನ ಮರಿಯನ್ನು ಅವಚಿಕೊಂಡು ಕೊಂಬೆಯ ಕೊನೆಗೆ ಓಡಿತು. ಮುಂದಕ್ಕೆ ಓಡಲು ಕೊಂಬೆ ಇರಲಿಲ್ಲ. ಗಂಡು ಬಂದು ಮರಿಯ ಕುತ್ತಿಗೆ ಕಚ್ಚಿತು. ರೈತನ ಕೈಯಲ್ಲಿ ಕೋವಿ ಇತ್ತು. ಕೈ ಮೇಲೇಳಲಿಲ್ಲ.

ಜೇನು ಕೀಳುವ ಒಬ್ಬ ಮುದುಕಿ ಆ ದಾರಿಯಲ್ಲಿ ಬಂದಳು. ಅವಳ ಗುಡಿಸಲು ಮೊದಲಿನಿಂದಲೂ ಅಲ್ಲೇ ಕೂಗಳತೆಯಲ್ಲಿತ್ತು. ಬಿದ್ದ ಮರಿಯನ್ನೂ ರೈತನ ಮುಖವನ್ನೂ ನೋಡಿ ಕೇಳಿದಳು:

"ಹಳೆಯ ಗಂಡನ್ನು ಕೊಂದೆಯಾ ಮಗಾ?"

ರೈತ ಹೌದೆಂದು ತಲೆಯಾಡಿಸಿದ.

"ಸೊಪ್ಪು ತಿನ್ನುವ ಜೀವ ಅದು. ದಿನವೂ ಹೊಡೆದಾಡುವ ಕಸುವು ಅದಕ್ಕೆಲ್ಲಿ? ಅದಕ್ಕೇ ಕೂಗುತ್ತದೆ. ಕೂಗು ಕೇಳುವವರೆಗೆ ಆಚೆಯದು ಆಚೆಯೇ ಇರುತ್ತದೆ. ಕೂಗು ನಿಂತರೆ ಈಚೆ ಬರುತ್ತದೆ. ಬಂದ ಗಂಡು ಹಳೆಯದರ ಮರಿಗಳನ್ನು ಉಳಿಸುವುದಿಲ್ಲ. ಮರಿ ಸತ್ತರೆ ತಾಯಿ ಬೇಗ ಬೆದೆಗೆ ಬರುತ್ತದೆ, ಅದಕ್ಕೆ."

ಇಷ್ಟು ಹೇಳಿ ಮುದುಕಿ ತನ್ನ ದಾರಿ ಹಿಡಿದಳು. ರೈತ ಮೊದಲ ಮರಿಯನ್ನು ಹೂತ. ಎರಡನೆಯದನ್ನು ತಾಯಿ ಬಿಡಲಿಲ್ಲ. ಮೂರು ದಿನ ಎದೆಗೊತ್ತಿಕೊಂಡೇ ಮರದಿಂದ ಮರಕ್ಕೆ ಹೋಯಿತು. ಎಲೆ ಕೀಳುವಾಗ ಒಂದೇ ಕೈಯಲ್ಲಿ ಕೀಳುತ್ತಿತ್ತು.

ಮೂರನೆಯ ದಿನ ಹೆಂಡತಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹೊರಗೆ ಕೂತಿದ್ದಳು. ಆ ತಾಯಿ ಅವಳ ಕಣ್ಣಿಗೆ ಬಿತ್ತು.

"ಅದರ ಮರಿ ಯಾಕೆ ಅಲುಗಾಡುವುದಿಲ್ಲ?" ಎಂದು ಕೇಳಿದಳು.

ರೈತ ನಡೆದದ್ದನ್ನೆಲ್ಲ ಹೇಳಿದ. ಅವಳ ಕೈ ಮಗುವಿನ ಬೆನ್ನ ಮೇಲೆ ನಿಂತುಬಿಟ್ಟಿತು. "ಏನಾದರೂ ಮಾಡಿ ಎಂದವಳು ನಾನೇ" ಎಂದಳು.

ಹೊಸ ಗಂಡು ಪ್ರತಿದಿನ ನಸುಕಿನಲ್ಲಿ ಕೂಗತೊಡಗಿತು. ಹಳೆಯದಕ್ಕಿಂತ ಅದರ ದನಿ ಜೋರು. ಮಗು ಕೆಲವು ದಿನ ಅತ್ತಿತು. ತಿಂಗಳೊಳಗೆ ಅದಕ್ಕೆ ರೂಢಿಯಾಯಿತು. ಆ ಕೂಗಿನ ನಡುವೆಯೇ ಹಾಲು ಕುಡಿದು, ಆ ಕೂಗಿನ ನಡುವೆಯೇ ಮಲಗಿತು. ಗಂಡ ಹೆಂಡತಿಗೆ ಮಾತ್ರ ನಸುಕಿನಲ್ಲಿ ನಿದ್ದೆ ಹತ್ತುತ್ತಿರಲಿಲ್ಲ.

ಗುರುಗಳು ಕತೆ ಮುಗಿಸಿದರು. ಅಡಿವೆಪ್ಪ, "ಆದರೆ ಗುರುಗಳೇ, ಹೀಗಾಗುತ್ತದೆಂದು ಆ ರೈತನಿಗೆ ಗೊತ್ತಿರಲಿಲ್ಲವಲ್ಲ" ಎಂದ.

ಗುರುಗಳು ಹೇಳಿದರು: "ಗೊತ್ತಿರಲಿಲ್ಲ; ಕೇಳಿ ತಿಳಿದುಕೊಳ್ಳಲು ಅವನಿಗೆ ಅರವತ್ತು ಬೆಳಗುಗಳಿದ್ದವು."