ಅಚ್ಚಿನ ಕೊಕ್ಕರೆಯ ಕಣ್ಣು

"ಹಲ್ಲಿಯಣ್ಣ, ದಾರಿ ತಪ್ಪಿದೆ. ಜಪಾನಿನ ರೇಷ್ಮೆಚಿತ್ರ ಇರುವ ಕೋಣೆ ಯಾವುದು?" ಎಂದು ಮ್ಯೂಸಿಯಮ್ಮಿನ ಗೋಡೆಯತ್ತ ನೋಡಿ ಕೇಳಿದಳು, ಊರೂರು ಸುತ್ತಿ ಬಂದ ಕೊಲೊಟೈಪ್ ಅಚ್ಚಿನ ಕೊಕ್ಕರೆ. ಆ ಚಿತ್ರದ ಕೊಕ್ಕರೆಯಿಂದಲೇ ಎಂದೋ ಗಾಜಿನ ಫಲಕದ ಮೂಲಕ ಕಾಗದಕ್ಕಿಳಿದ ಅಚ್ಚು ಅವಳು.

"ಅಸಲಿನ ಮುಂದೆ ನಕಲಿಗೇನು ಕೆಲಸ, ತಾಯಿ?" ಎಂದು ಲೊಚಗುಟ್ಟಿದರೂ ಹಲ್ಲಿ ಬಾಲ ಆಡಿಸಿ ಬಾಗಿಲು ತೋರಿಸಿತು.

ಒಳಗೆ ರಿಪೇರಿಯವರ ಮೇಜಿನ ಮೇಲೆ ಅಸಲು ಕೊಕ್ಕರೆ ಮಲಗಿದ್ದಳು. ಹುಳು ಅವಳ ಕಣ್ಣನ್ನೇ ತಿಂದಿತ್ತು. "ಜೊಂಡಿನಾಚೆ ಹಿಮ ಬೀಳುವುದನ್ನು ನೋಡುತ್ತಿದ್ದೆ, ಮಗಳೇ," ಅಂದಳು ಅವಳು. "ಎಂಥ ಕಣ್ಣಲ್ಲಿ ನೋಡುತ್ತಿದ್ದೆ ಅನ್ನುವುದು ಮರೆತಿದೆ. ಇವರಿಗೂ ಗೊತ್ತಿಲ್ಲ, ನಾಳೆ ಯಾವುದೋ ಕಣ್ಣು ಬರೆದುಬಿಡುತ್ತಾರೆ."

"ನಿಮ್ಮ ಮುಖ ಹೊತ್ತೇ ದೇಶದೇಶ ಮೆರೆದೆ, ಅಮ್ಮ. ಋಣ ತೀರಿಸದೆ ಹೋಗುವುದುಂಟೇ?" ಎಂದ ಅಚ್ಚಿನ ಕೊಕ್ಕರೆ, ರಿಪೇರಿಯವರ ಕುಂಚದ ಪಕ್ಕದಲ್ಲಿ, ಹುಳು ತಿನ್ನುವ ಮುಂಚೆ ಅಚ್ಚಿಗಿಳಿದ ಆ ಕಣ್ಣು ಕಾಣುವಂತೆ ಅಂಗಾತ ಮಲಗಿಕೊಂಡಳು.