ಕಡಲೊಳಗೆ ಮೊದಲು ಕಟ್ಟಿದವು

"ಗುರುಗಳೇ, ನನ್ನ ಹೆಸರು ಉಳಿಯದ ಕೆಲಸಕ್ಕೆ ನಾನು ಆಯುಷ್ಯವನ್ನು ಯಾಕೆ ಸವೆಸಬೇಕು?" ಎಂದು ಮಠದ ಗೋಡೆಗೆ ಒರಗಿ ಕೂತಿದ್ದ ಶಿಷ್ಯ ಅಡಿವೆಯ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ದೂರದ ಬೆಟ್ಟನಾಡಿನಲ್ಲಿ ಒಬ್ಬ ಕಲ್ಲುಕುಟಿಗನಿದ್ದ. ಮಳೆಗಾಲದಲ್ಲಿ ಹೊಳೆ ಅವನ ಕೇರಿಗೆ ನುಗ್ಗಿ ಮಕ್ಕಳನ್ನು ಕೊಚ್ಚಿಕೊಂಡು ಹೋಗುತ್ತಿತ್ತು. ಅದನ್ನು ತಡೆಯಲು ಅವನು ದಂಡೆಯ ಉದ್ದಕ್ಕೂ ಗೋಡೆ ಕಟ್ಟತೊಡಗಿದ. ಬೆಟ್ಟದ ಸುಣ್ಣದ ಕಲ್ಲನ್ನು ಸೀಳಿ ತಂದು ಒಂದರ ಮೇಲೊಂದು ಕೂರಿಸುತ್ತಿದ್ದ. ಗೋಡೆ ಮೊಣಕಾಲೆತ್ತರಕ್ಕೆ ಬರುವಷ್ಟರಲ್ಲಿ ಅವನ ಎದೆಗೆ ಕಲ್ಲಿನ ದೂಳು ಇಳಿದಿತ್ತು. ಇನ್ನು ಹೆಚ್ಚು ಕಾಲವಿಲ್ಲ ಎಂದರು ವೈದ್ಯರು. ಮುಗಿಯುವುದನ್ನು ತಾನು ನೋಡಲಾಗದ ಗೋಡೆ ತನಗೇಕೆ ಎನಿಸಿ ಅವನು ಉಳಿಯನ್ನು ಕೆಳಗಿಟ್ಟ.

ಆ ದಿನಗಳಲ್ಲಿ, ಕಲ್ಲುಗಳ ಹುಟ್ಟನ್ನು ಬಲ್ಲ ಒಬ್ಬ ವಿದ್ವಾಂಸೆ ಆ ಬೆಟ್ಟಕ್ಕೆ ಬಂದಳು. ಅವನು ಸೀಳಿಟ್ಟಿದ್ದ ಕಲ್ಲುಗಳಲ್ಲಿ ಬಳೆಯೊಳಗೆ ಬಳೆ ಇಟ್ಟಂಥ ಗುರುತುಗಳಿದ್ದವು. ಅವಳು ಅವುಗಳನ್ನು ಬೆರಳಿನಿಂದ ಮೆಲ್ಲನೆ ಸವರಿದಳು.

"ಇವು ಕಲ್ಲಾಗಿ ಉಳಿದ ಕಡಲಜೀವಿಗಳಪ್ಪ, ಸ್ಪಂಜುಗಳ ಒಂದು ಹಳೆಯ ಬಗೆ. ಈ ಬೆಟ್ಟ ಒಂದು ಕಾಲಕ್ಕೆ ಬೆಚ್ಚನೆಯ ಕಡಲಿನ ತಳವಾಗಿತ್ತು. ಹವಳಗಳು ದಿಬ್ಬ ಕಟ್ಟುವುದಕ್ಕೆ ಎಷ್ಟೋ ಮೊದಲು ಇವು ಅಲ್ಲಿದ್ದವು. ಎರಡು ಪದರದ ಬಟ್ಟಲಿನಂಥ ಮೈ, ಮೈತುಂಬ ತೂತು. ಆ ತೂತುಗಳಲ್ಲಿ ಹಾದುಹೋಗುವ ನೀರೇ ಅನ್ನ ತರಬೇಕು. ಒಂದು ಸತ್ತರೆ ಅದರ ಮೇಲೆ ಇನ್ನೊಂದು ಬೆಳೆಯಿತು. ಹಾಗೆ ದಿಬ್ಬ ಎದ್ದಿತು. ಪ್ರಾಣಿಗಳ ಪೈಕಿ ಕಡಲೊಳಗೆ ಹೀಗೆ ಕಟ್ಟಿದವು ಇವೇ ಮೊದಲು. ಅಲೆಯ ಹೊಡೆತಕ್ಕೆ ಸಿಕ್ಕ ಸಣ್ಣ ಜೀವಗಳು ಅಲ್ಲಿ ಬಂದು ಬದುಕಿಕೊಂಡವು."

"ಈಗ ಇವು ಎಲ್ಲಿವೆ ತಾಯಿ?"

"ಈ ಬಗೆಯದು ಈಗ ಒಂದೂ ಇಲ್ಲ. ಸಂತತಿಯೇ ಅಳಿದುಹೋಯಿತು."

"ತಾವು ಏನು ಕಟ್ಟುತ್ತಿದ್ದೇವೆ ಅಂತ ಅವಕ್ಕೆ ಗೊತ್ತಿತ್ತೆ?"

"ನೋಡಲು ಕಣ್ಣೇ ಇರಲಿಲ್ಲವಪ್ಪ."

ಕಲ್ಲುಕುಟಿಗ ಬಹಳ ಹೊತ್ತು ಆ ಕಲ್ಲನ್ನೇ ನೋಡಿದ. ಆಮೇಲೆ ಅದಕ್ಕೆ ಕೈಮುಗಿದ. ಮರುದಿನ ಮತ್ತೆ ಉಳಿ ಹಿಡಿದ. ಉಸಿರು ಸಾಲದ ದಿನ ಹೆಂಡತಿ ಕಲ್ಲು ಹೊತ್ತಳು. ಅವನು ಕೂತಲ್ಲಿಂದಲೇ ಕೂರಿಸುವ ಬಗೆ ಹೇಳಿಕೊಟ್ಟ. ಗೋಡೆ ಸೊಂಟದೆತ್ತರಕ್ಕೆ ಬಂದಾಗ ಅವನು ತೀರಿಕೊಂಡ. ಹೆಂಡತಿ ಕೆಲಸ ನಿಲ್ಲಿಸಲಿಲ್ಲ. ಅವಳೊಬ್ಬಳೇ ದುಡಿಯುವುದನ್ನು ಕಂಡು ಕೇರಿಯವರು ಒಬ್ಬೊಬ್ಬರಾಗಿ ಬಂದು ಕೈಹಾಕಿದರು. ಮುಂದೊಂದು ಮಳೆಗಾಲದಲ್ಲಿ ಹೊಳೆ ಹಿಂದೆಂದೂ ಇಲ್ಲದಷ್ಟು ಉಕ್ಕಿ ಬಂತು. ಗೋಡೆಗೆ ಬಡಿದು ಹಿಂದೆ ತಿರುಗಿತು. ಆ ವರ್ಷ ಕೇರಿಯಲ್ಲಿ ಯಾವ ತಾಯಿಯೂ ಅಳಲಿಲ್ಲ.

ಗುರುಗಳು ಕತೆ ಮುಗಿಸಿದರು. ಅಡಿವೆಯ್ಯನ ಕಣ್ಣು ತುಂಬಿತ್ತು.

"ಆ ಪುಣ್ಯಾತ್ಮನ ಹೆಸರೇನು ಗುರುಗಳೇ?"

"ನೀನು ಒರಗಿ ಕೂತಿರುವ ಈ ಗೋಡೆಯನ್ನು ಕಟ್ಟಿದವನ ಹೆಸರೇನು, ಅಡಿವೆಯ್ಯ?"

ಅಡಿವೆಯ್ಯ ಎದ್ದು, ಗೋಡೆಯ ಕಡೆ ತಿರುಗಿ ಕೈಮುಗಿದ.